ಜವರಪ್ಪನ ಬ್ಯಾಂಡು

ಕರಿಯಯ್ಯ ತೆಂಗಿನ ಗರಿಗೆ ಬೆಂಕಿ ಹಚ್ಚಿ, ತಮಟೆ ಕಾಯಿಸಲು ಅದರ ಮೇಲೆ ಹಿಡಿಯಬೇಕು ಅನ್ನುವಷ್ಟರಲ್ಲಿ ತಮ್ಮನ ಹೆಂಡತಿ ಮೀನಾಕ್ಷಿ ಒಳಗಿನಿಂದ ಬಂದವಳೇ ಒಂದು ಚೊಂಬು ನೀರನ್ನು ಬೆಂಕಿಯ ಮೇಲೆ ಸುರಿದುಬಿಟ್ಟಳು. ಚುಂಯ್ ಎಂದು ಹೊಗೆ ಎದ್ದಿತು. ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವರೆಲ್ಲ ಕೆಮ್ಮುತ್ತ ಎದ್ದು ನಿಂತರು.

"ಬೇಡ ಭಾವ. ನಿಮ್ಮ ತಮ್ಮ ತಮಟೆ ಬೇಡ ಅಂದಿದ್ರು."

"ಹಚ್ಚಿದ್ ಬೆಂಕಿಗೆ ನೀರು ಹುಯ್ದ್‌ಬುಟ್ಟಲ್ಲವ್ವ," ಎಂದ ಕರಿಯಯ್ಯ. ಅವನ ದನಿಯಲ್ಲಿ ಕೋಪ ಇರಲಿಲ್ಲ, ಅಳು ಇತ್ತು.

ತಮ್ಮ ಜವರಪ್ಪ ನಡುಮನೆಯಲ್ಲಿ ಮಲಗಿದ್ದ. ಗೂಡ್ಸ್ ಗಾಡಿಯ ಗಾರ್ಡ್. ಹಿಂದಿನ ದಿನ ಸಂಜೆ ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚಲು ಕೂತವನು ಹಾಗೇ ಗೋಡೆಗೆ ಒರಗಿದ್ದ, ಮತ್ತೆ ಏಳಲಿಲ್ಲ. ಸುದ್ದಿ ತಿಳಿದ ಕರಿಯಯ್ಯ ಬಸ್ತಿಹಳ್ಳಿಯಿಂದ ಹೊರಟು, ಜಾವಗಲ್ ಮೇಲೆ ಬರುವ ಮೊದಲ ಬಸ್ಸು ಹಿಡಿದು ಅರಸೀಕೆರೆಗೆ ಬಂದಿದ್ದ. ಹಳೇ ಪಂಚೆಯಲ್ಲಿ ಸುತ್ತಿದ ತಮಟೆಯೊಂದನ್ನು ಬಿಟ್ಟರೆ ಇನ್ನೇನನ್ನೂ ತಂದಿರಲಿಲ್ಲ.

"ಒಂದೇಟು ಸದ್ದಿಲ್ದೆ ಹೊತ್ಕೊಂಡ್ ಹೋಗದಾ ಇವ್ನ? ನಮ್ಮವ್ವನ್ನ ಹಂಗೆ ಕಳ್ಸಿದ್ದು ಸಾಲ್ದಾ?"

"ನಿಮ್ಮವ್ವನ ವಿಷಯ ಹೇಳ್ಕೊಂಡೇ ಅವ್ರು ಬೇಡ ಅಂದಿದ್ದು, ಭಾವ."

ಇಬ್ಬರೂ ಹೇಳುತ್ತಿದ್ದದ್ದು ಒಂದೇ ದಿನದ ಸಂಗತಿ. ಅಣ್ಣತಮ್ಮಂದಿರು ಚಿಕ್ಕವರಿದ್ದಾಗ, ತಾಯಿ ಸತ್ತ ದಿನವೇ ಊರಿನ ದೊಡ್ಡ ಹಿಡುವಳಿದಾರರ ಮನೆಯಲ್ಲೂ ಒಂದು ಸಾವಾಗಿತ್ತು. ಅಲ್ಲಿಂದ ಆಳು ಬಂದು ಬಾಗಿಲಲ್ಲಿ ನಿಂತು ಕರೆದ. ಅಪ್ಪ ಗೂಟದಿಂದ ತಮಟೆ ತೆಗೆದುಕೊಂಡು ಹೋದ. ಹೋಗುವುದಿಲ್ಲ ಅನ್ನುವ ಕಾಲ ಅದಲ್ಲ. ಅವನು ಅಲ್ಲಿ ಬಡಿಯುತ್ತಿದ್ದಾಗ ಇಲ್ಲಿ ಕೇರಿಯವರು ಅವನ ಹೆಂಡತಿಯನ್ನು ಸದ್ದಿಲ್ಲದೆ ಮಣ್ಣು ಮಾಡಿದರು. ಇನ್ನು ಮುಂದೆ ನಮ್ಮವರು ಯಾರೂ ಹೀಗೆ ಸದ್ದಿಲ್ಲದೆ ಮಣ್ಣಿಗೆ ಹೋಗಬಾರದು ಎಂದು ಅಣ್ಣ ಅಂದುಕೊಂಡ. ಈ ತಮಟೆಯ ಸಹವಾಸವೇ ಬೇಡ ಎಂದು ತಮ್ಮ ಅಂದುಕೊಂಡ. ಓದಿದ, ರೈಲ್ವೆ ಸೇರಿದ, ಬುದ್ಧನ ಫೋಟೋ ತಂದು ನಡುಮನೆಯಲ್ಲಿ ಹಾಕಿದ. ತಾನು ಸತ್ತರೆ ಯಾರನ್ನೂ ಕರೆಸಿ ಬಡಿಸಬೇಡ ಎಂದು ಹೆಂಡತಿಗೆ ಹೇಳಿಯೂ ಇಟ್ಟಿದ್ದ.

"ಮತ್ತೆ ಹೆಂಗ್ ಕಳುಸ್ತೀಯವ್ವ?"

"ಅವ್ರ ಬ್ಯಾಂಡಿನ ಹಾಡು ಹಾಕಿ," ಎಂದಳು ಮೀನಾಕ್ಷಿ. ಇದನ್ನು ಹೇಳುವಾಗ ಅವಳ ತಲೆ ನೆಟ್ಟಗಿತ್ತು.

ಅಷ್ಟರಲ್ಲಿ ರೇವಣಸಿದ್ದಪ್ಪ ಬಂದ. ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಅಂಗಡಿ ಇಟ್ಟವನು, ಜವರಪ್ಪನ ಜೀವದ ಗೆಳೆಯ. ಬಗಲಲ್ಲಿ ಟೇಪ್ ರೆಕಾರ್ಡರ್, ಕೈಯಲ್ಲಿ ಆ ಹಾಡಿನ ಕ್ಯಾಸೆಟ್ಟು. ಕ್ಯಾಸೆಟ್ಟಿನಿಂದ ಕಂದು ಬಣ್ಣದ ಟೇಪು ಹೊರಗೆ ನೇತಾಡುತ್ತಿತ್ತು. ಅವನು ಮೀನಾಕ್ಷಿಯ ಮುಖ ನೋಡಲಾರದೆ ಬಾಗಿಲಲ್ಲೇ ನಿಂತ.

"ಸರಿ ಇದ್ಯಾ ಅಂತ ಬೆಳಗ್ಗೆ ಒಂದ್ಸಲ ಹಾಕಿ ನೋಡ್ದೆ ತಾಯಿ. ಸಿಕ್ಕಾಕ್ಕೊಂಡು ಹರ್ದೇ ಹೋಯ್ತು. ಊರಿನ ಕ್ಯಾಸೆಟ್ಟೆಲ್ಲ ರಿಪೇರಿ ಮಾಡ್ದೋನು, ಇದೊಂದನ್ನ ಉಳಿಸ್ಕೊಳ್ಳೋಕ್ ಆಗ್ಲಿಲ್ಲ."

* * *

ಆ ಕ್ಯಾಸೆಟ್ಟು ಜವರಪ್ಪನ ಕೈಗೆ ಬಂದದ್ದು ತೊಂಬತ್ತರ ಸುಮಾರಿಗೆ, ರಿಟೈರಾಗಿ ಊರು ಬಿಟ್ಟು ಹೊರಟ ಹಿರಿಯ ಗಾರ್ಡ್ ಒಬ್ಬರಿಂದ. ಇಂಗ್ಲೆಂಡಿನ ಬ್ಯಾಂಡೊಂದು ಸಾವಿರಾರು ಜನರ ಮುಂದೆ ನುಡಿಸಿದ್ದನ್ನು ಹಾಗೇ ಹಿಡಿದಿಟ್ಟದ್ದು. ಅದರಲ್ಲಿದ್ದದ್ದು ಒಂದೇ ಹಾಡು. ಹಾಡು ಶುರುವಾದಾಗ ಅರಸೀಕೆರೆ ಬಿಟ್ಟ ಗಾಡಿ ಅದು ಮುಗಿಯುವಷ್ಟರಲ್ಲಿ ಬಾಣಾವರ ದಾಟಿರುತ್ತದೆ. ಕೊಳಲು, ಗಿಟಾರು, ಆರ್ಗನ್ನು ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಮಾತು ಮಾತ್ರ ಒಂದೂ ಅರ್ಥವಾಗುವುದಿಲ್ಲ.

ಆದರೆ ಡ್ರಮ್ಮಿನವನು ಏಳರ ತಾಳ ಹಿಡಿದು ಹೊರಟಾಗ ಜವರಪ್ಪ ತೊಡೆ ತಟ್ಟಿಕೊಂಡು, "ನಮ್ಮಪ್ಪಾನೂ ಹಿಂಗೇ ಬೇಕಂತ ತಪ್ಪಿಸಿ ಹಿಡೀತಿದ್ದ ಕಣ್ರೀ," ಎಂದು ಹಿಗ್ಗುತ್ತಿದ್ದ. ತಮಟೆ ಬೇಡವಾಗಿದ್ದವನಿಗೆ ಅಪ್ಪನ ಕೈ ಬೇಡವಾಗಿರಲಿಲ್ಲ.

ಭಾನುವಾರ ಡ್ಯೂಟಿ ಇಲ್ಲದಿದ್ದರೆ ಬೆಳಗ್ಗೆ ತಿಂಡಿಯಾದ ಮೇಲೆ ಮೂವರು ಸೇರುತ್ತಿದ್ದರು. ಜವರಪ್ಪ, ರೇವಣಸಿದ್ದಪ್ಪ, ಪಕ್ಕದ ಹಳ್ಳಿಯಿಂದ ಮೊಪೆಡ್ಡಿನಲ್ಲಿ ಬರುವ ತೆಂಗಿನ ತೋಟದ ಚನ್ನಪ್ಪ. ಸ್ಟುಡಿಯೋದಲ್ಲಿ ಮಾಡಿದ ಕ್ಯಾಸೆಟ್ಟನ್ನು ಜವರಪ್ಪ ಮುಟ್ಟುತ್ತಿರಲಿಲ್ಲ. "ಬಾಗ್ಲಾಕ್ಕೊಂಡು ಎಷ್ಟ್ ಸಲ ಬೇಕಾದ್ರೂ ತಿದ್ಬೋದು. ಜನದ ಮುಂದೆ ನಿಂತು ನುಡ್ಸೋನೇ ನುಡ್ಸೋನು."

ಒಂದೇ ತೊಂದರೆ. ಹಾಡು ನಡುಮಧ್ಯಕ್ಕೆ ಬಂದು, ಬರೀ ಕೊಳಲು ಉಳಿದಾಗ, ಕ್ಯಾಸೆಟ್ಟಿನ ಒಂದು ಬದಿ ಮುಗಿದುಹೋಗುತ್ತಿತ್ತು. ರೇವಣಸಿದ್ದಪ್ಪ ಎದ್ದು ಅದನ್ನು ತಿರುಗಿಸಿ ಹಾಕುವವರೆಗೆ ಜವರಪ್ಪನಿಗೆ ಉಸಿರು ಕಟ್ಟುತ್ತಿತ್ತು. ತಾಳ ಬಿಟ್ಟುಹೋಗಬಾರದೆಂದು ಒಂದು ಭಾನುವಾರ ಅವನು ಮೂರು ಚಪ್ಪಾಳೆ ಹೊಡೆದ. ಮುಂದಿನ ವಾರ ಉಳಿದಿಬ್ಬರೂ ಹೊಡೆದರು. ಆಮೇಲೆ ಅದೇ ರೂಢಿಯಾಯಿತು.

ಗೋಡೆಯಾಚೆಯ ಮನೆ ಅನುಸೂಯಮ್ಮನದು. ಮೊದಮೊದಲು ಅವಳು, "ಇದೇನ್ರೀ ಮೀನಾಕ್ಷಮ್ಮ, ನಿಮ್ಮನೆಯೋರು ಪಾತ್ರೆ ಅಂಗಡಿ ಉರುಳಿಸ್ತಾರಾ?" ಎಂದು ಜಗಳಕ್ಕೇ ಬಂದಿದ್ದಳು. ಬರಬರುತ್ತ ಆ ಮೂರು ಚಪ್ಪಾಳೆ ಕೇಳಿಸಿದ ಮೇಲೆಯೇ ಅನ್ನಕ್ಕೆ ಎಸರಿಡುವುದು ಅವಳಿಗೆ ಅಭ್ಯಾಸವಾಯಿತು. ಕ್ವಾರ್ಟರ್ಸಿನ ಸಾಲಿನಲ್ಲಿದ್ದವರು ಅದನ್ನು ಜವರಪ್ಪನ ಬ್ಯಾಂಡು ಅಂದರು, ಆ ಬ್ಯಾಂಡಿನವರೇನೋ ಇಂಗ್ಲೆಂಡಿನಲ್ಲಲ್ಲ, ಇದೇ ಸ್ಟೇಷನ್ನಿನಲ್ಲಿ ಕೆಲಸಕ್ಕಿರುವವರು ಅನ್ನುವ ಹಾಗೆ.

* * *

"ಅದೇ ಹಾಡಿನ ಸಿ.ಡಿ. ನನ್ನ ಹತ್ರ ಇದೆ ಅಂಕಲ್," ಎಂದಳು ಹರ್ಷಿತಾ. ಜವರಪ್ಪನ ಒಬ್ಬಳೇ ಮಗಳು, ಹಾಸನದಲ್ಲಿ ಹೈಸ್ಕೂಲ್ ಟೀಚರ್. ಕಣ್ಣು ಒರೆಸಿಕೊಂಡು ಬೀರುವಿನಿಂದ ತೆಗೆದು ಕೊಟ್ಟಳು. "ಹೋದ ವರ್ಷ ಅಪ್ಪನಿಗೆ ಅಂತ ತಂದಿದ್ದೆ. ಒಂದೇ ಸಲ ಕೇಳಿದ್ರು. 'ಇದು ಮಧ್ಯ ನಿಲ್ಲೋದೇ ಇಲ್ವಲ್ಲೇ ಮಗಳೇ, ಚಪ್ಪಾಳೆ ಎಲ್ಲಿ ಹೊಡಿಯೋದು' ಅಂತ ಎತ್ತಿಟ್ಬಿಟ್ರು."

ರೇವಣಸಿದ್ದಪ್ಪ ಅಳುತ್ತಲೇ ನಕ್ಕ. ಸಿ.ಡಿ. ಹಾಕುವ ಪೆಟ್ಟಿಗೆ ತರಲು ಅಂಗಡಿಗೆ ಓಡಿದ.

ಬುದ್ಧನ ಫೋಟೋದ ಮುಂದೆ ತ್ರಿಸರಣ ಹೇಳುವುದು ಮುಗಿಯಿತು. ಬಿಳಿ ಬಟ್ಟೆ ಹೊದಿಸಿ, ಚಟ್ಟವನ್ನು ಬಾಗಿಲ ಮುಂದೆ ತಂದಿಟ್ಟರು. ಕರಿಯಯ್ಯ ಒದ್ದೆ ಬೂದಿಯ ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದ. ತಮಟೆ ಅವನ ಮಡಿಲಲ್ಲಿತ್ತು. ಊರಿಂದ ಬಂದಿದ್ದ ಚಿಕ್ಕಮ್ಮನೊಬ್ಬಳು, "ಏನ್ ಕಾಲ ಬಂತಪ್ಪ, ಸಾವಿಗೆ ತಮಟೆ ಬ್ಯಾಡ್ವಂತೆ, ಇಂಗ್ಲೀಸ್ ಹಾಡಂತೆ," ಎಂದು ಗೊಣಗಿದಳು.

"ಸುಮ್ಕಿರು ಚಿಕ್ಕಮ್ಮ," ಕರಿಯಯ್ಯ ಗದರಿದ. "ಆ ಬ್ಯಾಂಡ್‌ನ ನೀನು ಕಂಡಿದೀಯಾ? ನಾನ್ ಕಂಡಿವ್ನಿ."

* * *

ಕಂಡದ್ದು ನಿಜ. ತೊಂಬತ್ತಾರರಲ್ಲಿ ಆ ಬ್ಯಾಂಡು ಬೆಂಗಳೂರಿಗೇ ಬಂತು. ಪೇಪರಿನಲ್ಲಿ ಓದಿದ ಜವರಪ್ಪ ಡ್ಯೂಟಿ ಬದಲಿಸಿಕೊಂಡು ಟಿಕೆಟ್ ತರಿಸಿದ. ಮೂವರ ಜೊತೆಗೆ ಬಸ್ತಿಹಳ್ಳಿಯಿಂದ ಅಣ್ಣನನ್ನೂ ಕರೆಸಿಕೊಂಡ. "ಆ ಬಡಿಯೋನ್ನ ನೀನೇ ನೋಡಿ ಹೇಳ್ಬೇಕು ಅಣ್ಣ. ನಮಗೆಲ್ಲ ಏನ್ ಗೊತ್ತಾಗುತ್ತೆ?"

ಬಯಲಿನ ತುಂಬ ಜೀನ್ಸ್ ತೊಟ್ಟ ಜನ, ನಡುವೆ ಪಂಚೆ ಉಟ್ಟ ಕರಿಯಯ್ಯ. ಬ್ಯಾಂಡಿನವರು ಬಂದಾಗ ಚನ್ನಪ್ಪ, "ಅಯ್ಯೋ, ಎಲ್ಲಾ ಮುದುಕ್ರಾಗವ್ರಲ್ಲೋ!" ಎಂದು ಮರುಗಿದ. ನುಡಿಸಲು ಶುರುಮಾಡಿದ ಮೇಲೆ ಮರುಕ ಹೋಯಿತು. ಆ ದೊಡ್ಡ ಹಾಡು ಬಂತು. ಏಳರ ತಾಳ ಹೊರಟಾಗ ಜವರಪ್ಪ ಅಣ್ಣನ ಮುಖ ನೋಡಿದ. ಕರಿಯಯ್ಯನ ಬೆರಳುಗಳು ಆಗಲೇ ತೊಡೆಯ ಮೇಲೆ ಆಡುತ್ತಿದ್ದವು.

ಹಾಡು ನಡುವಿಗೆ ಬಂತು. ಎಲ್ಲ ವಾದ್ಯಗಳೂ ನಿಂತು ಕೊಳಲೊಂದೇ ಉಳಿಯಿತು. ಅಷ್ಟು ಜನ ಉಸಿರು ಬಿಗಿಹಿಡಿದು ನಿಂತಿದ್ದಾಗ, ಅರಸೀಕೆರೆಯ ಮೂವರೂ ಪಟ್, ಪಟ್, ಪಟ್ ಎಂದು ಮೂರು ಚಪ್ಪಾಳೆ ಹೊಡೆದುಬಿಟ್ಟರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಕ್ಯಾಸೆಟ್ ತಿರುಗಿಸುವ ಜಾಗ ಅದು. ಸುತ್ತ ನಿಂತವರು ಉಶ್ ಎಂದು ತಿರುಗಿ ನೋಡಿದರು. ರೇವಣಸಿದ್ದಪ್ಪನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ವೇದಿಕೆಯ ಮೇಲೆ ಕೈಕಟ್ಟಿ ಕೂತಿದ್ದ ಡ್ರಮ್ಮಿನ ಮುದುಕ ತಲೆಯೆತ್ತಿದ. ಸದ್ದು ಬಂದ ಕಡೆ ನೋಡಿ ನಕ್ಕ. ಮೆಲ್ಲಗೆ ಮೂರು ಏಟು ಹೊಡೆದು, ಕೋಲನ್ನು ಎತ್ತಿ ಅವರ ಕಡೆಗೆ ಹಿಡಿದ.

ವಾಪಸ್ಸು ಬರುವಾಗ ರೈಲು ತಿಪಟೂರು ದಾಟಿದ ಮೇಲೆ ಜವರಪ್ಪ ಕೇಳಿದ, "ಹೆಂಗಿದ್ದ ಅಣ್ಣ?"

"ಕೈ ಐತೆ ಕಣ್ಲಾ. ನಮ್ಮಪ್ಪನಂಗೇ ಐತೆ."

"ಅವನ್ನ ಯಾರಾದ್ರೂ ಬಾಗ್ಲಿಗೆ ಬಂದು ಎಬ್ಬಿಸ್ಕೊಂಡ್ ಹೋದ್ರಾ? ನಾವೇ ಹೋಗಿ, ನಿಂತ್ಕೊಂಡು ನೋಡಿ, ಕೈ ಮುಗ್ದು ಬಂದ್ವಿ. ಬಡಿಯೋದು ಅಂದ್ರೆ ಹಂಗಿರ್ಬೇಕು."

ಕರಿಯಯ್ಯ ಆಮೇಲೆ ಯಾರ ಕರೆಗೂ ಹೋಗಲಿಲ್ಲ. ಬಾಗಿಲಿಗೆ ಆಳು ಬಂದರೆ, ಬರಲ್ಲ ಎಂದು ಎದ್ದು ನಿಂತು ಹೇಳಿದ. ಇತ್ತ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಡ್ರಮ್ಮಿನವನು ಇವರಿಗೆ ಸಲಾಮು ಹೊಡೆದ ಕತೆ ಕೇಳಿ ಎಲ್ಲರೂ ನಕ್ಕರು. ಜವರಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ನಗಲಿ ಬಿಡ್ರೀ. ಅವರಿಗೆ ಯಾರೂ ಹೊಡ್ದಿಲ್ವಲ್ಲ, ಪಾಪ," ಅನ್ನುತ್ತಿದ್ದ.

* * *

ರೇವಣಸಿದ್ದಪ್ಪ ಪೆಟ್ಟಿಗೆ ತಂದು ಚಟ್ಟದ ತಲೆಯ ಕಡೆ ಸ್ಟೂಲಿನ ಮೇಲಿಟ್ಟು ವೈರು ಎಳೆದ. ಚನ್ನಪ್ಪನೂ ಬಂದು ಅವನ ಪಕ್ಕ ನಿಂತ. ಮೀನಾಕ್ಷಿ ಕರಿಯಯ್ಯನ ಹತ್ತಿರ ಬಂದಳು.

"ಭಾವ, ಮನಸ್ಸಿಗೆ ಹಚ್ಕೋಬೇಡಿ. ಯಾರನ್ನೂ ಕರೆಸಿ ಬಡಿಸ್ಬೇಡ ಅಂತ ಕೈ ಹಿಡ್ಕೊಂಡು ಹೇಳಿದ್ರು. ಅದನ್ನ ಮೀರೋಕೆ ನನಗಾಗಲ್ಲ."

ಕರಿಯಯ್ಯ ತಲೆಯೆತ್ತಿದ. "ಆ ಬ್ಯಾಂಡ್ ನೋಡ್ಬಂದವತ್ತಿಂದ ಯಾರ ಬಾಗ್ಲಲ್ಲೂ ಇದನ್ನ ಮುಟ್ಟಿಲ್ಲ ಕಣವ್ವ. ಇವತ್ತು ನನ್ನ ಯಾರ್ ಕರ್ದವ್ರೆ ಹೇಳು? ಅವ್ನು ಕರೀಲಿಲ್ಲ, ನೀನು ಕರೀಲಿಲ್ಲ. ನನ್ ತಮ್ಮ ಅಂತ ನಾನೇ ಬಂದಿವ್ನಿ."

ಗಂಡ ಸತ್ತಾಗಿನಿಂದ ಗಟ್ಟಿಯಾಗಿದ್ದ ಮೀನಾಕ್ಷಿ ಈಗ ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ, ಒಣಗರಿ ಒಂದು ಹಿಡಿ, ಬೆಂಕಿಪೊಟ್ಟಣ ತಂದಳು. ಒದ್ದೆ ಬೂದಿಯನ್ನು ಸರಿಸಿ ತಾನೇ ಬೆಂಕಿ ಹಚ್ಚಿದಳು.

"ಕಾಯಿಸ್ಕೊಳಿ ಭಾವ."

ಹಾಡು ಶುರುವಾಯಿತು. ಚಟ್ಟ ಹೊರಲು ಬಂದವರು ಸುತ್ತ ನಿಂತರು. ಆರ್ಗನ್ನು ಏರಿತು, ಗಿಟಾರು ಅದನ್ನು ಅಟ್ಟಿಸಿಕೊಂಡು ಹೋಯಿತು. ಗೇಟಿನವರೆಗೂ ಜನ ತುಂಬಿದ್ದರು. ಕರಿಯಯ್ಯ ಕಾದ ಚರ್ಮವನ್ನು ಬೆರಳಿನಿಂದ ತಟ್ಟಿ ನೋಡಿ, ತಮಟೆಯನ್ನು ಎದೆಗೆ ಒತ್ತಿಕೊಂಡು ಚಟ್ಟದ ಕಾಲ ಕಡೆ ಬಂದು ನಿಂತ. ಬಡಿಯಲಿಲ್ಲ. ಏಳರ ತಾಳ ಹೊರಟಿತು, ಹೋಯಿತು. ಅವನು ಕಾಯುತ್ತಿದ್ದ.

ಒಂದೊಂದಾಗಿ ವಾದ್ಯಗಳು ನಿಂತು ಕೊಳಲೊಂದೇ ಉಳಿಯಿತು. ರೇವಣಸಿದ್ದಪ್ಪನ ಕೈ ಅಭ್ಯಾಸಬಲದಿಂದ ಪೆಟ್ಟಿಗೆಯ ಕಡೆ ಹೋಗಿ, ತಿರುಗಿಸುವುದಕ್ಕೆ ಏನೂ ಇಲ್ಲವೆಂದು ನೆನಪಾಗಿ ಹಾಗೇ ನಿಂತಿತು. ಸಿ.ಡಿ. ನಿಲ್ಲಲಿಲ್ಲ, ಕೊಳಲು ತನ್ನ ಪಾಡಿಗೆ ಹರಿಯುತ್ತಲೇ ಇತ್ತು.

ಪಟ್ ಎಂದು ಒಂದು ಚಪ್ಪಾಳೆ ಬಿತ್ತು. ಪಕ್ಕದ ಮನೆಯ ಮೆಟ್ಟಿಲ ಮೇಲಿಂದ. ಅನುಸೂಯಮ್ಮ ತಾನೇನು ಮಾಡಿದೆ ಅನ್ನುವುದೂ ತಿಳಿಯದೆ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು. ಎರಡನೆಯದನ್ನು ಅವಳ ಜೊತೆ ಅಂಗಳದಲ್ಲಿದ್ದವರು ಹೊಡೆದರು. ಮೂರನೆಯದು ಇಡೀ ಸಾಲಿನದು. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿಸಿಕೊಂಡವರು, ಇಂಗ್ಲಿಷಿನ ಒಂದು ಪದವೂ ಬಾರದವರು, ಗೇಟಿನ ಹತ್ತಿರ ನಿಂತಿದ್ದ ಪೋರ್ಟರುಗಳು, ಗೊಣಗುತ್ತಿದ್ದ ಚಿಕ್ಕಮ್ಮ ಕೂಡ.

ಕರಿಯಯ್ಯ ತಮಟೆಯ ಮೇಲೆ ಮೂರು ಏಟು ಹೊಡೆದ. ಮೆಲ್ಲಗೆ, ಕೊಳಲು ಮುಚ್ಚಿಹೋಗದಷ್ಟು.

ಆಮೇಲೆ ಕೋಲನ್ನು ಎತ್ತಿ ತಮ್ಮನ ಕಡೆಗೆ ಹಿಡಿದು ನಿಂತ. ಹಾಡು ಇನ್ನೂ ಅರ್ಧ ಬಾಕಿಯಿತ್ತು. ಹೊರುವವರು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು, ಆದರೆ ಯಾರೂ ಚಟ್ಟಕ್ಕೆ ಕೈ ಹಾಕಲಿಲ್ಲ.