ಸದ್ದು ನಿಂತ ಗಾಡಿ

ಚಕ್ರ ತಿರುಗುತ್ತಿದೆ, ಸದ್ದೇ ಇಲ್ಲ, ಸ್ಟ್ಯಾಂಡಿನ ಮೇಲೆ ಗಾಡಿ ಸಣ್ಣಗೆ ನಡುಗುತ್ತಿದೆ ಅಷ್ಟೇ, ಆಕ್ಸಿಲರೇಟರ್ ಬಿಟ್ಟೆ, ನಿಂತಿತು, ಕೀ ತೆಗೆದೆ, ತೆಗೆದೆನೇ, ಹೌದು ಜೇಬಿನಲ್ಲಿದೆ, ಇನ್ನೊಮ್ಮೆ ಮುಟ್ಟಿ ನೋಡಿದೆ, ಇದೆ — ಗ್ಯಾರೇಜಿನ ಬಾಗಿಲಲ್ಲಿ ಆಗಲೇ ಏಳು ಸ್ಕೂಟರು, ಬೆಳಿಗ್ಗೆ ಪೆಟ್ರೋಲ್ ಮತ್ತೆ ಏರಿದೆ, ಏರಿದ ದಿನವೆಲ್ಲ ಹೀಗೆ, ಇಳಿದ ವಾರ ಒಬ್ಬರೂ ಇತ್ತ ತಲೆ ಹಾಕುವುದಿಲ್ಲ, ಇಂಜಿನ್ ಕಿತ್ತು ಬ್ಯಾಟರಿ ಹಾಕ್ಕೊಡ್ತೀರಾ, ಎಷ್ಟು ದೂರ ಓಡತ್ತೆ, ಏರು ಹತ್ತತ್ತಾ, ಹತ್ತತ್ತೆ ಸಾರ್, ಹತ್ತತ್ತೆ, ನಮ್ಮಣ್ಣನೇ ನಂಬಿರಲಿಲ್ಲ ಮೊದಲು, ಕೆಮ್ಮದ ಗಾಡಿಗೆ ಏನು ಕಾಯಿಲೆ ಅಂತ ಹೇಗೆ ಹೇಳೋದೋ, ಅಂತ ಮೂಗು ಮುರಿದಿದ್ದ, ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟು ಕಣ್ಣು ಮುಚ್ಚಿ ನಿಂತನೆಂದರೆ ಯಾವ ಬೇರಿಂಗ್ ಸವೆದಿದೆ ಎಂದು ಬಿಚ್ಚದೆಯೇ ಹೇಳುತ್ತಿದ್ದ, ಮೊದಲು ಕಿವಿ, ಆಮೇಲೆ ಕೈ ಕಣೋ, ಹಾಗೆಯೇ ನನಗೂ ಕಲಿಸಿದ, ಮೂವತ್ತು ವರ್ಷ ಸದ್ದು ನಿಂತರೆ ಗಾಡಿ ಆಫ್ ಆಯಿತೆಂದೇ ನಂಬಿದ ಕಿವಿ ನನ್ನದು, ಅದನ್ನೇ ನಂಬಿದೆ.

ಅವನ ಸ್ಕೂಟರಿಗೇ ಮೊದಲು ಬ್ಯಾಟರಿ ಹಾಕಿದ್ದು, ನಾನೇ ಕಾಡಿ ಬೇಡಿ ಒಪ್ಪಿಸಿದ್ದು, ಸ್ಟ್ಯಾಂಡಿನ ಮೇಲೆ ಓಡಿಸಿ ನೋಡಿದೆ, ಚಕ್ರ ನಿಂತಿತು, ಎಲ್ಲ ಮೌನ, ಕೈ ತೊಳೆಯಲು ಹಿಂದಕ್ಕೆ ಹೋದೆ, ಕೀ ಆನ್‌ನಲ್ಲೇ ಇತ್ತು, ಅಣ್ಣ ಬಂದು ಎಂದಿನಂತೆ ಬಲಗೈಯಲ್ಲಿ ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ಗಾಡಿಯನ್ನು ಸ್ಟ್ಯಾಂಡಿನಿಂದ ಕೆಳಗೆ ತಳ್ಳಿದ, ಹಿಡಿತಕ್ಕೆ ಆಕ್ಸಿಲರೇಟರ್ ತಿರುಗಿತು, ಅದು ಹಾರಿತು, ನನ್ನ ಬೊಗಸೆಯಲ್ಲಿ ಇನ್ನೂ ಸೋಪಿನ ನೊರೆ, ರಸ್ತೆಯಾಚೆಯ ಗೋಡೆಗೆ ಬಡಿದ ಶಬ್ದ, ಅಣ್ಣ ಕೇಳಿದ ಕೊನೆಯ ಶಬ್ದ ಅದೇ. ಎರಡೂ ಕಿವಿ ಹೋದವು, ಆ ದಿನದ ನೆನಪೂ ಹೋಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಕೇಳಿದ್ದು ಒಂದೇ, ಕೀ ನಾನೇ ಬಿಟ್ಟಿದ್ನೇನೋ, ಅತ್ತಿಗೆ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ತಲೆಯಾಡಿಸಿದೆ, ಹೌದು ಎಂದು, ಒಂದೇ ಒಂದು ಸಲ, ನಾಲಿಗೆ ಕೂಡ ಅಲುಗಬೇಕಾಗಲಿಲ್ಲ.

ಈಗ ಬಂದವರಿಗೆಲ್ಲ ಅವನೇ ಪಾಠ ಹೇಳುತ್ತಾನೆ, ಸದ್ದಿಲ್ಲ ಅಂತ ಮೋಸಹೋಗ್ಬೇಡಿ, ಕೀ ತೆಗೀರಿ, ನನ್ನ ಥರ ಮರೀಬೇಡಿ, ತನ್ನ ಕಿವಿ ತೋರಿಸಿ ನಗುತ್ತಾನೆ, ಅವರೂ ನಗುತ್ತಾರೆ, ನಾನು ಜೇಬಿನ ಕೀ ಮುಟ್ಟಿ ನೋಡುತ್ತೇನೆ — ಅವನ ಮಗಳು ಬಂದಳು, ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು, ಅಣ್ಣನ ಮುಂದೆ ಚಾಚಿದಳು, ಅಪ್ಪಾ ಒಂದ್ಸಲ ಎತ್ಕೋ, ಇವತ್ತಾದ್ರೂ, ಅಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಬೇಡ ಪುಟ್ಟಾ, ಕೀ ಮರೆಯೋ ಕೈಗೆ ಮಗು ಕೊಡಬಾರದು, ನಾಲ್ಕು ತಿಂಗಳಿಂದ ಇದೇ ಮಾತು, ಮೊಮ್ಮಗಳನ್ನು ಒಮ್ಮೆಯೂ ಮುಟ್ಟಿಲ್ಲ ಈ ಮನುಷ್ಯ, ಇಂಜಿನ್ನಿನ ಎದೆಬಡಿತ ಕೇಳಿಸಿಕೊಂಡವನು, ಸಾಕು, ಇನ್ನು ತಡೆಯಲಾರೆ, ಅವನೊಡನೆ ಮಾತಾಡುವ ಸ್ಲೇಟು ಮೊಳೆಯಲ್ಲಿ ತೂಗುತ್ತಿದೆ, ಇವತ್ತಿನ ಪೆಟ್ರೋಲ್ ರೇಟು ನಾನೇ ಬರೆದದ್ದು, ಅಳಿಸಿದೆ, ಬಳಪ ಹಿಡಿದೆ, ಕೀ ಬಿಟ್ಟವನು ನಾನು, ಮೂರೇ ಪದ, ಕೀ ಎಂದು ಬರೆದೂ ಬಿಟ್ಟೆ, ಅಣ್ಣ ಬಗ್ಗಿ ನೋಡುತ್ತಿದ್ದಾನೆ, ಮುಂದೆ ಬರಿ, ಮುಂದೆ ಬರಿ — ಚಿಕ್ಕಪ್ಪಾ ನೀವಾದ್ರೂ ಎತ್ಕೊಳ್ಳಿ, ಕೂಸು ನನ್ನ ತೋಳಿಗೆ ಬಂದೇಬಿಟ್ಟಿತು, ಬಳಪ ಬಿತ್ತು, ಬೆಚ್ಚಗಿದೆ, ಕತ್ತು ಇನ್ನೂ ಸರಿಯಾಗಿ ನಿಂತಿಲ್ಲ, ಅಣ್ಣನ ಮುಖ ಅರಳಿತು, ಅವನ ಹತ್ರ ಇರ್ಲಿ ಬಿಡು, ಅವನು ಏನನ್ನೂ ಮರೆಯೋನಲ್ಲ, ಅವನ ಕೈ ನಂಬಬಹುದು.

ಈ ಕೈ, ಸೋಪಿನ ನೊರೆಯ ಕೈ, ಅವತ್ತು ರಸ್ತೆ ದಾಟಿ ಓಡಿದೆ, ಅಣ್ಣ ಗೋಡೆಯ ಬುಡದಲ್ಲಿದ್ದ, ಗಾಡಿ ಪಕ್ಕದಲ್ಲಿ, ಹ್ಯಾಂಡಲಿನ ನಡುವೆ ಕೀ ಆನ್ ಇದೆಯೆಂದು ಹೇಳುವ ಚಿಕ್ಕ ಹಸಿರು ದೀಪ ಉರಿಯುತ್ತಿತ್ತು, ಯಾರೂ ಇನ್ನೂ ಬಂದಿರಲಿಲ್ಲ, ನಾನು ಅಣ್ಣನನ್ನು ಮುಟ್ಟಲಿಲ್ಲ, ಮೊದಲು ಕೀ ತಿರುಗಿಸಿ ಆಫ್ ಮಾಡಿದೆ, ಆಮೇಲೆ ಅಣ್ಣಾ ಎಂದು ಕೂಗಿದೆ, ಮೊದಲು ಕೀ, ಕೂಸು ನನ್ನ ಬೆರಳು ಹಿಡಿದಿದೆ, ಮೊದಲು ಆ ಹಸಿರು ದೀಪ, ಹಸಿರು ದೀಪ —