ಒಳಗಾಲಿಯ ಗಾಳಿ

ಗಾಲಿಗೆ ಕೋಲಿನಿಂದ ಒಮ್ಮೆ ಬಡಿದು ಕಿವಿಗೊಟ್ಟರೆ ಸಾಕು, ಒಳಗೆ ಗಾಳಿ ಎಷ್ಟಿದೆ ಎಂದು ಮಾಶಾಕ ಹೇಳಿಬಿಡುತ್ತಾನೆ. ಮುಂಡರಗಿ ರಸ್ತೆಯ ಡ್ರೈವರುಗಳೆಲ್ಲ ಹೀಗೇ ನಂಬಿದ್ದರು. ತುಂಬಿದ ಗಾಲಿ ಠಣ್ ಎನ್ನುತ್ತದೆ, ಇಳಿದದ್ದು ಡಬ್ ಎನ್ನುತ್ತದೆ. ಇಪ್ಪತ್ತೆಂಟು ವರ್ಷ ಅವನ ಕೈಯಲ್ಲಿ ಸವೆದು ನುಣ್ಣಗಾದ ಜಾಲಿ ಕೋಲು ಅದು. ಚಹಾದಂಗಡಿಯ ಮುಂದೆ ಬೇರೆ ಗಾಡಿಯವರೂ ಕರೆದು, "ಒಂದೀಟು ಬಡದು ನೋಡ್ರಿ ಮಾಶಾಕಣ್ಣಾ" ಎನ್ನುವರು.

ಅಂಥವನ ಟ್ರೇಲರಿಗೆ ಮಾಲೀಕ ಶಿವಯೋಗಿ ಸಾವಕಾರರು ತಾನಾಗೇ ಗಾಳಿ ತುಂಬುವ ಯಂತ್ರ ಹಾಕಿಸಿದರು. ಹಾಕಿದವನು ಬೆಟಗೇರಿಯ ಮೆಕ್ಯಾನಿಕ್ ಕುತುಬುದ್ದೀನ. ಒಂದು ಕಾಲಕ್ಕೆ ಮಾಶಾಕನ ಗಾಡಿಯಲ್ಲೇ ಕ್ಲೀನರ್ ಆಗಿದ್ದವನು.

"ಬ್ರೇಕಿನ ಟ್ಯಾಂಕಿನ್ಯಾಗಿನ ಗಾಳಿ ಈ ಪೈಪಿನ್ಯಾಗ ಬಂದು ಹನ್ನೆರಡೂ ಗಾಲಿಗೆ ಹೋಗ್ತೈತ್ರಿ ಚಾಚಾ," ಎಂದು ಅವನು ವಿವರಿಸಿದ. "ಯಾವ್ದು ಇಳಿತೈತೋ ಅದಕ್ಕ ತಾನ ತುಂಬತೈತಿ. ತುಂಬಾಕತ್ತಿದ್ರ ಈ ಹಳದಿ ದೀಪ ಹತ್ತತೈತಿ. ನಿಮ್ಮ ಕನ್ನಡ್ಯಾಗ ಕಾಣ್ತೈತಿ."

ಎರಡನೇ ಟ್ರೇಲರಿನ ಡ್ರೈವರ್ ಉಳವಪ್ಪ ನಕ್ಕ. "ಮಷೀನ್ ಯಾಕ್ರಿ ಸಾವ್ಕಾರ್ರ? ಮಾಶಾಕಣ್ಣನ ಕಿವಿ ಕಿತ್ತು ನನ್ನ ಗಾಡಿಗೆ ಕಟ್ಟಿಬಿಡ್ರಿ, ಆತು!"

ಎಲ್ಲರೂ ನಕ್ಕರು. ಮಾಶಾಕನೂ ನಕ್ಕ.

"ಒಂದೆರಡ ತಿಂಗಳು ಓಡ್ಸಿ ನೋಡು," ಎಂದರು ಸಾವಕಾರರು. "ಉಪಯೋಗ ಐತಿ ಅಂದ್ರ ಉಳವಪ್ಪನ ಗಾಡಿಗೂ ಹಾಕಸ್ತೀನಿ. ಬ್ಯಾಡ ಅಂದ್ರ ಇದನ್ನೂ ಬಿಚ್ಚಸ್ತೀನಿ. ನಿನ್ನ ಮಾತ ಮಾತು."

ಮೊದಲ ಸಲವೇ ಅವನ ಮಾನ ಹೋಯಿತು. ನೋಡಿದವರು ಯಾರೂ ಇರಲಿಲ್ಲ, ಅಷ್ಟೇ. ಹೊಸಪೇಟೆ ಕಡೆಯಿಂದ ಕಬ್ಬಿಣದ ಸರಳು ಹೇರಿಕೊಂಡು, ಹನ್ನೆರಡೂ ಗಾಲಿ ಬಡಿದು ನೋಡಿ, ಎಲ್ಲವೂ ನೆಟ್ಟಗಿವೆ ಎಂದುಕೊಂಡೇ ಹೊರಟಿದ್ದ. ಮುಂಡರಗಿ ದಾಟಿದ್ದೇ ಕನ್ನಡಿಯಲ್ಲಿ ಹಳದಿ ದೀಪ ಹತ್ತಿತು. ಇಳಿದು ಮತ್ತೆ ಬಡಿದ. ಎಲ್ಲವೂ ಒಂದೇ ಸಮ ಕೇಳಿದವು. ಯಂತ್ರಕ್ಕೆ ಬೈಯುತ್ತ ಜೋಡಿಗಾಲಿಯ ನಡುವೆ ತಲೆ ತೂರಿಸಿದ. ಒಳಗಾಲಿಯಿಂದ ಸಣ್ಣ ಗಾಳಿ ಬಂದು ಕೆನ್ನೆಗೆ ತಾಕಿತು. ಮೊಳೆ ಹೊಕ್ಕಿತ್ತು. ಕೆನ್ನೆಗೆ ತಿಳಿದದ್ದು, ಪಕ್ಕದಲ್ಲೇ ಇದ್ದ ಎಡಗಿವಿಗೆ ತಿಳಿಯಲಿಲ್ಲ.

ಅವನು ಅಲ್ಲೇ ಮಣ್ಣಿನಲ್ಲಿ ಕುಳಿತುಬಿಟ್ಟ. ಹೆಂಡತಿ ಜನ್ನತಬಿ ಒಂದು ವರ್ಷದಿಂದ ಅವನನ್ನು ಬೆಳಗಿನ ನಮಾಜಿಗೆ ಅಲುಗಾಡಿಸಿ ಎಬ್ಬಿಸುತ್ತಿದ್ದಳು. "ಬಾಂಗು ಕೇಳಲಿಲ್ಲೇನ್ರಿ?" ಎಂದು ಅವಳು ಕೇಳಿದಾಗೆಲ್ಲ, ನಿದ್ದೆ ಜೋರಿತ್ತು ಎಂದು ಹೇಳುತ್ತಿದ್ದ. ಅಂದು ನಿದ್ದೆಯ ನೆವ ಸಿಗಲಿಲ್ಲ.

ಗಾಲಿಯೇನೋ ಗದಗಿನವರೆಗೆ ಬಂತು, ಯಂತ್ರ ತುಂಬುತ್ತಲೇ ಬಂತು. ಅವನು ಪಂಚರು ಹಾಕಿಸಿ ಯಾರಿಗೂ ಹೇಳಲಿಲ್ಲ. ಮುಂದಿನ ಸಲ ಹೊರಡುವ ಮುನ್ನ ಟ್ರೇಲರಿನ ಕೆಳಗೆ ಬಗ್ಗಿ, ಗಾಳಿ ಪೈಪಿನ ವಾಲ್ವಿನ ಹಿಡಿಯನ್ನು ಅಡ್ಡ ತಿರುಗಿಸಿ ಗಾಳಿ ಬಂದ್ ಮಾಡಿದ. ಆಮೇಲೆ ದೀಪ ಹತ್ತಲಿಲ್ಲ.

ಇಪ್ಪತ್ತು ದಿನಕ್ಕೆ ಅಡರಕಟ್ಟಿಯ ಹತ್ತಿರ ಒಳಗಾಲಿಯೊಂದು ಸಿಡಿಯಿತು. ಅದರ ಭಾರ ಹೊತ್ತ ಪಕ್ಕದ ಹೊರಗಾಲಿಯೂ ಹೋಯಿತು. ಅಲ್ಲಿಂದಲೇ ಸಾವಕಾರರಿಗೆ ಫೋನ್ ಮಾಡಿ, "ಮಷೀನ್ ಕೆಲಸ ಮಾಡಂಗಿಲ್ರಿ" ಎಂದ.

ಮರುದಿನ ಸಾವಕಾರರು ಗಾಡಿ ನಿಲ್ಲಿಸುವ ಅಂಗಳಕ್ಕೆ ಕುತುಬುದ್ದೀನನನ್ನು ಕರೆಸಿದರು. ಅವನು ಮಾಶಾಕನನ್ನು ಸುತ್ತುಹಾಕಿ ಬಲಗಡೆ ಬಂದು ನಿಂತು, "ಎಲ್ಲಿತನಕ ಸರಿ ಇತ್ರಿ ಚಾಚಾ?" ಎಂದು ಕೇಳಿದ. ಮಾಶಾಕ ಕೋಲಿನಿಂದ ಟ್ರೇಲರ್ ತೋರಿಸಿದ. ಕುತುಬುದ್ದೀನ ಕೆಳಗೆ ತೂರಿದ. ಪೈಪಿನ ಮೇಲೆಲ್ಲ ಕೆಂಧೂಳು ಕೂತಿತ್ತು. ಅಡ್ಡ ತಿರುಗಿದ ಹಿಡಿಯ ಮೇಲೆ ಮಾತ್ರ ಎಣ್ಣೆ ಹತ್ತಿದ ಬೆರಳಿನ ಗುರುತು. ಅದನ್ನು ಅವನು ನೋಡಿದ. ನೋಡಿದ್ದನ್ನು ಮಾಶಾಕನೂ ನೋಡಿದ. ಕುತುಬುದ್ದೀನ ಮೆಲ್ಲಗೆ ಹಿಡಿ ನೆಟ್ಟಗೆ ಮಾಡಿ, ಅಂಗೈಯಿಂದ ಗುರುತು ಒರೆಸಿ, ಹೊರಗೆ ಬಂದ.

"ನಂದ ತಪ್ಪರಿ ಸಾವ್ಕಾರ್ರ. ಒಂದ ಕಡೆ ಬಿಗಿ ಮಾಡೂದು ಮರ್ತಿದ್ದೆ."

"ಮರ್ತಿದ್ದಿ?" ಸಾವಕಾರರ ದನಿ ಏರಿತು. "ನಿನ್ನ ನಂಬಿ ಲಕ್ಷ್ಮೇಶ್ವರದಾಗ, ಶಿರಹಟ್ಟ್ಯಾಗ ಗಾಡಿ ಮಾಲೀಕರ ಮುಂದ ಹೊಗಳಿಕೊಂಡ ಅಡ್ಡಾಡಿದೆಲ್ಲಲೇ! ನಿನ್ನೆ ಎಲ್ಲಾರಿಗೂ ಬ್ಯಾಡ ಅಂತ ಹೇಳೇನಿ. ಬಿಚ್ಚು ಇದನ್ನ."

"ಆತ್ರಿ," ಎಂದು ಕುತುಬುದ್ದೀನ ನಟ್ಟು ಬಿಚ್ಚುವ ಪಾನಾ ಎತ್ತಿಕೊಂಡ.

ಉಳವಪ್ಪ ಬಿಡಲಿಲ್ಲ. "ನೋಡಪಾ, ನಾ ಮೊದಲ ಹೇಳಿದ್ದೆ. ಕಿವಿ ಮುಂದ ಮಷೀನ್ ಏನು ನಿಂತೀತು?"

ಮಾಶಾಕ ಕೋಲು ಹಿಡಿದು ನಿಂತೇ ಇದ್ದ. ಒಂದು ಮಾತು ಆಡಿದರೆ ಮುಗಿಯುತ್ತಿತ್ತು. ಎರಡು ನಟ್ಟು ಬಿಚ್ಚುವವರೆಗೆ ನೋಡುತ್ತಲೇ ನಿಂತ.

ಮೂರನೆಯದಕ್ಕೆ ಹಾಕಿದ ಪಾನಾ ಕುತುಬುದ್ದೀನ ತಟ್ಟನೆ ಕೆಳಗಿಟ್ಟ. ಎದ್ದು ಕೈ ಒರೆಸಿಕೊಂಡು, ಮತ್ತೆ ಬಲಗಡೆಗೇ ಬಂದು ಹೇಳಿದ: "ಬಾಂಗು ಆತ್ರಿ ಚಾಚಾ. ಬರ್ರಿ, ಹೋಗೂಣು."

ಬಾಂಗು ಯಾವಾಗ ಆಯಿತು? ಮಸೀದಿ ನಾಲ್ಕು ಅಂಗಡಿಯಾಚೆಗಿತ್ತು. ಈ ಹುಡುಗನ ಹೆಗಲಿಗೆ ಹೆಗಲು ತಾಕಿಸಿ ನಮಾಜಿನ ಸಾಲಿನಲ್ಲಿ ಹೇಗೆ ನಿಲ್ಲುವುದು?

"ನೀ ನಡಿ," ಎಂದ. ಅವನು ಹೋದ ಮೇಲೆ ಸಾವಕಾರರ ಮುಂದೆ ಬಂದು ನಿಂತ.

"ಬಂದ್ ಮಾಡಿದವ ನಾನರಿ."

"ಏನು?"

"ವಾಲ್ವ. ನಾನ ತಿರುವಿದ್ದೆ. ಹುಡುಗಂದು ತಪ್ಪಿಲ್ಲ. ಮಷೀನಿಂದೂ ಇಲ್ಲ." ನೆಲ ನೋಡುತ್ತಲೇ ಮುಂದುವರಿಸಿದ. "ನನಗ ಎಡಗಿವಿ ಕೇಳಂಗಿಲ್ರಿ. ಬಲಗಿವೀನೂ ಅಷ್ಟಕ್ಕಷ್ಟ. ಆ ದೀಪ ಹತ್ತಿದ್ರ ನಿಮಗೆಲ್ಲಾ ಗೊತ್ತಾಗತೈತಿ ಅಂತ..."

ಉಳವಪ್ಪ ತನ್ನ ಚಪ್ಪಲಿ ನೋಡಿಕೊಂಡ.

ಸಾವಕಾರರು ಟ್ರೇಲರಿನ ಸುತ್ತ ಒಂದು ಸುತ್ತು ಬಂದರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊನೆಗೆ ಹಳೇ ಪ್ರಶ್ನೆಯನ್ನೇ ಕೇಳಿದರು: "ಈಗರ ಖರೆ ಹೇಳು. ಉಪಯೋಗ ಐತೋ ಇಲ್ಲೋ?"

"ಐತ್ರಿ. ಮೊಳಿ ಹೊಕ್ಕಿದ್ದು ಅದಕ್ಕ ತಿಳಿಯಂಗಿಲ್ಲ, ಸುಮ್ಮನ ತುಂಬಕೊಂತ ಇರತೈತಿ. ದೀಪ ಹತ್ತಿದ ಕೂಡಲೆ ಇಳದು ನೋಡಾವ ಬೇಕು. ಮುಚ್ಚಿಡಾವ ಅಲ್ಲ."

ಸಾವಕಾರರು ತಮ್ಮ ಫೋನ್ ಮುಂದೆ ಚಾಚಿದರು. "ಶಿರಹಟ್ಟಿ ಪುಂಡಲೀಕಪ್ಪಗ ನಿನ್ನೆ ಬ್ಯಾಡ ಅಂದೇನಿ. ಈಗ ನೀನ ಹೇಳು. ನಿನ್ನ ಬಾಯಿಲೆ. ಆಮ್ಯಾಲ ಲಕ್ಷ್ಮೇಶ್ವರದವರಿಗೆ. ನಾಳೆ ಡಾಕ್ಟರಿಗೆ ಕಿವಿ ತೋರ್ಸು. ಅಲ್ಲೀತನಕ ಸ್ಟೇರಿಂಗ್ ಮುಟ್ಟಬ್ಯಾಡ."

ಮಾಶಾಕ ಫೋನನ್ನು ಬಲಗಿವಿಗೆ ಒತ್ತಿ ಹಿಡಿದ. "ನಮಸ್ಕಾರ್ರಿ, ನಾ ಡ್ರೈವರ್ ಮಾಶಾಕ. ಆ ಗಾಳಿ ಮಷೀನಿಂದು... ನಾ ಸುಳ್ಳ ಹೇಳಿದ್ದೆರಿ." ಆ ಕಡೆಯವರಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ, ಜೋರಾಗಿ, ಅಂಗಳಕ್ಕೆಲ್ಲ ಕೇಳುವಂತೆ ಹೇಳಬೇಕಾಯಿತು.

ಕುತುಬುದ್ದೀನ ನಮಾಜು ಮುಗಿಸಿ ಬಂದಾಗ ಮಾಶಾಕ ಟ್ರೇಲರಿನ ಕೆಳಗೆ ಮಲಗಿ, ಬಿಚ್ಚಿದ್ದ ನಟ್ಟುಗಳನ್ನು ತಿರುಗಿ ಬಿಗಿಯುತ್ತಿದ್ದ. ಹುಡುಗ ಸುತ್ತುಹಾಕಿ ಬಲಗಡೆ ಬಂದು ಕುಕ್ಕರಗಾಲಲ್ಲಿ ಕುಳಿತ. ಬೆಳಗಿನಿಂದ ಅವನು ಒಮ್ಮೆಯೂ ಎಡಗಡೆ ಬಂದಿರಲಿಲ್ಲ ಎಂಬುದು ಮಾಶಾಕನಿಗೆ ಆಗ ಹೊಳೆಯಿತು.

"ಯಾವಾಗಿಂದ ಗೊತ್ತಿತ್ತೋ ನಿನಗ?"

"ಮಷೀನ್ ಹಾಕಿದ ದಿನದಿಂದರಿ. ಎಡಗಡೆ ನಿಂತು ಕರದ್ರ ನೀವು ತಿರುಗಿ ನೋಡಲಿಲ್ಲ. ಅದಕ್ಕ ನಿಮ್ಮ ಕನ್ನಡ್ಯಾಗ ಕಾಣೂಹಂಗ ದೀಪ ಕೂಡಿಸಿದ್ದೆ."

ಮಾಶಾಕ ಪಾನಾ ಕೆಳಗಿಟ್ಟು, ಮುಖವನ್ನು ಗಾಲಿಯ ಕಡೆಗೆ ತಿರುಗಿಸಿಕೊಂಡ.