ಪಾದ ಒಪ್ಪಿದ ನೆಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಲಿಗೆ ಕೆಲಸದವಳು ನಾನು. ಬಟ್ಟೆಯ ಬಣ್ಣ, ಹೊಳಪು, ಅಂಚು ಎಲ್ಲವನ್ನೂ ಒಂದೇ ನೋಟಕ್ಕೆ ಅಳೆದುಬಿಡುತ್ತೇನೆ ಎಂಬ ಜಂಬ ಬೇರೆ. ಎಂಟು ವರ್ಷದ ಹಿಂದೆ ನಮ್ಮ ಬಚ್ಚಲುಮನೆಗೆ ಟೈಲ್ಸ್ ಆರಿಸಿದ್ದೂ ನಾನೇ. ಹಾಲಿನಂಥ ಬಿಳುಪು, ಮುಖ ನೋಡಿಕೊಳ್ಳುವಷ್ಟು ಹೊಳಪು. ಬಂದವರೆಲ್ಲ "ದೊಡ್ಡ ಹೋಟೆಲ್ ಇದ್ದಂಗಿದೆ" ಎಂದಾಗ ನಾನು ಉಬ್ಬಿಹೋಗಿದ್ದೆ.

ಅತ್ತೆ ಮಾತ್ರ ಮೊದಲ ದಿನವೇ ಒಂದು ಕಾಲಿಟ್ಟು, ಹಿಂದಕ್ಕೆ ತೆಗೆದು, "ಜಾರುತ್ತೆ ಕಣೇ" ಎಂದಿದ್ದರು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದೆ ನಾನು ಅಡುಗೆಮನೆಯಿಂದ. ಅವರಿಗೆ ಕೇಳಿಸಲಿ ಅಂತಲೇ ಅಂದೆ. ಕೇಳಿಸಿತು. ಅವರು ಮತ್ತೆ ಆ ಮಾತೆತ್ತಲಿಲ್ಲ.

ಕಳೆದ ವರ್ಷ ಅದೇ ನೆಲದ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಳಗಿನಿಂದ ಚಿಲಕ ಹಾಕಿತ್ತು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ, ಆದರೆ ಹೊಲಿಗೆ ಮಿಷನ್ನಿನ ಸದ್ದಿನಲ್ಲಿ ಅವರ ಕೂಗು ನನಗೆ ಕೇಳಿಸಲೇ ಇಲ್ಲ. ಎಷ್ಟು ಹೊತ್ತು ಆ ತಣ್ಣೀರಿನಲ್ಲಿ ಬಿದ್ದಿದ್ದರೋ, ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಪರೇಷನ್ ಆಗಿ ಅವರು ಮನೆಗೆ ಬರುವಷ್ಟರಲ್ಲಿ ನಾನು ಬಚ್ಚಲ ಬಾಗಿಲಿನ ಚಿಲಕವನ್ನು ಸ್ಕ್ರೂ ಸಮೇತ ಬಿಚ್ಚಿ, ನನ್ನ ಗುಂಡಿಗಳ ಡಬ್ಬಿಗೆ ಹಾಕಿಟ್ಟಿದ್ದೆ.

ಅಂದಿನಿಂದ ಅವರಿಗೆ ಸ್ನಾನ ಮಾಡಿಸುವವಳು ನಾನೇ. ನನ್ನ ಎದುರು ತಲೆ ಬಾಚಿಕೊಳ್ಳಲೂ ಸಂಕೋಚಪಡುತ್ತಿದ್ದ ಹೆಂಗಸು ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗಾದರೂ ಹಗುರಾಗುತ್ತಿತ್ತು.

ಹತ್ತನೇ ತಿಂಗಳಿಗೆ ಡಾಕ್ಟರು, "ಇನ್ನು ಒಬ್ಬರೇ ಸ್ನಾನ ಮಾಡಬಹುದು, ಆದ್ರೆ ಮೊದಲು ಆ ನೆಲ ಬದಲಾಯಿಸಿ" ಎಂದರು. ಅತ್ತೆಯ ಮುಖ ಅರಳಿದ್ದನ್ನು ಅಷ್ಟು ದಿನದಲ್ಲಿ ಅವತ್ತೇ ಕಂಡಿದ್ದು. ಮಾರನೇ ದಿನ ಬೆಳಗ್ಗೆ ಕೋಲು ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ಈ ಸಲ ನಾನೂ ಬರ್ತೀನಿ."

ಟೈಲ್ಸ್ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ದೀಪದ ಕೆಳಗೆ ಮಾದರಿಗಳನ್ನು ನಿಲ್ಲಿಸಿದ್ದರು. ಬುದ್ಧಿ ಬಂತೇ ನನಗೆ? ಎಲ್ಲಿ ಬರುತ್ತೆ! ಹೋದ ತಕ್ಷಣ ಚಿನ್ನದ ಗೆರೆ ಓಡಿದ ಒಂದು ಕಪ್ಪು ಟೈಲ್ಸಿನ ಮುಂದೆ ನಿಂತುಬಿಟ್ಟೆ.

"ಹತ್ತು ವರ್ಷ ಆದ್ರೂ ಹೊಳಪು ಹೋಗಲ್ಲ ಮೇಡಂ," ಎಂದ ಅಂಗಡಿಯವನು.

ಅತ್ತೆ ಸುತ್ತ ಕಣ್ಣಾಡಿಸಿ, "ನೆಲಾನ ಗೋಡೆಗೆ ನಿಲ್ಲಿಸಿದೀಯಲ್ಲಪ್ಪ," ಎಂದರು. "ಗೋಡೆ ಮೇಲೆ ಓಡಾಡೋಕೆ ನಾನೇನು ಹಲ್ಲಿನಾ? ಕೆಳಗಿಡು. ಒಂದು ಮಗ್ ನೀರು, ಚೂರು ಸೋಪು ಕೊಡು."

ಅವನು ನಗು ತಡೆದುಕೊಂಡು ನನ್ನ ಮುಖ ನೋಡಿದ. ನನಗೆ ನಾಚಿಕೆಯಾಯಿತು. "ಅತ್ತೆ, ಸುಮ್ನಿರಿ, ಮರ್ಯಾದೆ ಹೋಗುತ್ತೆ."

"ನನ್ನ ಮರ್ಯಾದೆ ಹೋಗಿ ಹತ್ತು ತಿಂಗಳಾಯ್ತು ಕಣೇ," ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ.

ಏಳು ಮಾದರಿಗಳನ್ನು ಸಾಲಾಗಿ ನೆಲಕ್ಕಿಟ್ಟು, ಸೋಪಿನ ನೀರು ಹುಯ್ದದ್ದಾಯಿತು. ಅತ್ತೆ ಚಪ್ಪಲಿ ಬಿಟ್ಟು, ನನ್ನ ಭುಜ ಹಿಡಿದು, ಕಣ್ಣು ಮುಚ್ಚಿಕೊಂಡರು. ಒಂದೊಂದರ ಮೇಲೂ ಪಾದವನ್ನು ಮೊದಲು ಹಿಮ್ಮಡಿ, ಆಮೇಲೆ ಅಂಗಾಲು, ಆಮೇಲೆ ಬೆರಳು ಹೀಗೆ ಊರಿ ಊರಿ ನೋಡಿದರು. ಮೂವತ್ತೆರಡು ವರ್ಷ ದೊಡ್ಡಾಸ್ಪತ್ರೆಯ ನೆಲ ಒರೆಸಿದ ಹೆಂಗಸು ಅವರು. ಅದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೆ ಆ ಮೂವತ್ತೆರಡು ವರ್ಷ ಎಲ್ಲಿ ಹೋಗಿ ಕೂತಿದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

"ಇದು ಹೊಸದ್ರಲ್ಲಿ ಹಿಡಿಯುತ್ತೆ, ಮೇಲಿನ ತರಿ ಸವೆದ ಮೇಲೆ ಬೀಳಿಸುತ್ತೆ. ಆಸ್ಪತ್ರೆ ಮೂರನೇ ಮಹಡೀಲಿ ಇಂಥದ್ದೇ ಇತ್ತು, ಎರಡೇ ವರ್ಷ ಬಂದಿದ್ದು. ಇದರ ಕುಳಿಯೊಳಗೆ ಕೊಳೆ ಕೂತ್ರೆ ಬ್ರಹ್ಮ ಬಂದ್ರೂ ಎಬ್ಬಿಸೋಕಾಗಲ್ಲ. ಇದು ತೀರಾ ಒರಟು, ನನ್ನಂಥೋರ ಹಿಮ್ಮಡಿ ಕಿತ್ತುಹೋಗುತ್ತೆ." ನನ್ನ ಕಪ್ಪು ಟೈಲ್ಸಿಗೆ ಹೆಬ್ಬೆರಳನ್ನಷ್ಟೇ ತಾಗಿಸಿ ತೆಗೆದರು. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ. ಇದು ಬೆಳ್ಳಗೂ ಇಲ್ಲ."

ಅಂಗಡಿಯವನ ನಗು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ತಿರುಗಿ ನೋಡಿದರೆ ಅವನೂ ಶೂ ಬಿಚ್ಚಿ, ಪ್ಯಾಂಟು ಮಡಚಿ, ಅತ್ತೆ ತುಳಿದದ್ದನ್ನು ತುಳಿದು ನೋಡುತ್ತಿದ್ದ. "ಹೌದಲ್ಲ ಅಜ್ಜಿ! ಇಷ್ಟು ವರ್ಷದಿಂದ ಮಾರ್ತಾ ಇದೀನಿ, ಒಂದು ದಿನವೂ ಬರಿಗಾಲಲ್ಲಿ ನಿಂತಿರಲಿಲ್ಲ."

ಏಳಕ್ಕೆ ಏಳೂ ಅತ್ತೆಯ ಪರೀಕ್ಷೆಯಲ್ಲಿ ಸೋತವು. ಕಾಲು ತೊಳೆಯಲು ಅವನು ನಮ್ಮನ್ನು ಅಂಗಡಿಯ ಹಿಂದುಗಡೆ, ಕೆಲಸದವರು ಟೀ ಲೋಟ ತೊಳೆಯುವ ನಲ್ಲಿಯ ಹತ್ತಿರ ಕರೆದೊಯ್ದ. ಅಲ್ಲಿ ಕಾಲಿಟ್ಟ ಅತ್ತೆ ನಿಂತುಬಿಟ್ಟರು. ನೀರು ಹರಿಯುತ್ತಿತ್ತು, ಸೋಪಿನ ನೊರೆ ಬೇರೆ. ಅಂಥಲ್ಲಿ ಅವರು ನನ್ನ ಭುಜದ ಮೇಲಿದ್ದ ಕೈ ತೆಗೆದರು. ಕೋಲನ್ನು ಗೋಡೆಗೆ ಒರಗಿಸಿದರು. ನಾನು ಹಿಡಿಯಲು ಕೈ ಚಾಚಿದರೆ ಕಣ್ಣಲ್ಲೇ ಬೇಡವೆಂದರು. ಒದ್ದೆ ನೆಲದ ಮೇಲೆ, ಯಾರನ್ನೂ ಹಿಡಿಯದೆ, ನೆಟ್ಟಗೆ ನಿಂತಿದ್ದರು ನಮ್ಮತ್ತೆ.

"ಇದು," ಎಂದರು.

ಬೆಂಕಿಪೊಟ್ಟಣದಷ್ಟು ಸಣ್ಣ ಸಣ್ಣ ಚೌಕಗಳು. ಮೇಲೆ ಹೊಳಪಿಲ್ಲ.

"ಇದಾ?" ಎಂದ ಅಂಗಡಿಯವನು. "ಅಂಗಡಿ ಶುರು ಮಾಡಿದಾಗ ಹಾಕಿಸಿದ್ದು ಅಜ್ಜಿ, ಹದಿನೈದು ವರ್ಷ ಆಯ್ತು. ದಿನಾ ಇಪ್ಪತ್ತು ಜನ ತುಳೀತಾರೆ. ಇದನ್ನ ನಾನೇ ಸರಿಯಾಗಿ ನೋಡಿಲ್ಲ."

"ತುಂಡು ಸಣ್ಣದು, ಅದಕ್ಕೆ ಸಂದು ಜಾಸ್ತಿ. ಎಲ್ಲಿ ಕಾಲಿಟ್ರೂ ಬೆರಳಿಗೆ ಹಿಡಿಯೋಕೆ ಒಂದು ಸಂದು ಸಿಗುತ್ತೆ. ಹದಿನೈದು ವರ್ಷ ತುಳಿಸಿಕೊಂಡಿದೆ, ಒಂದು ಮೂಲೆ ಮುಕ್ಕಾಗಿಲ್ಲ ನೋಡು."

ನಾನು ಬಗ್ಗಿ ನೋಡಿದೆ. ನೀರು ಬಿದ್ದ ಕಡೆ ಎಳೆ ಬಟಾಣಿಯ ಹಸಿರು, ಒಣಗಿದ ಕಡೆ ಬೂದಿ ಬಣ್ಣ ಬೆರೆತ ಹಸಿರು. ಅಂಥ ಬಣ್ಣದ ಬಟ್ಟೆ ಸಿಕ್ಕಿದ್ದರೆ ಯಾರಿಗೂ ತೋರಿಸದೆ ಎರಡು ಮೀಟರ್ ಎತ್ತಿಡುತ್ತಿದ್ದೆ. ಕಣ್ಣಿನ ಕೆಲಸದವಳು ನಾನು, ಅದನ್ನು ಕಂಡದ್ದು ಅವರ ಕಾಲು.

ಅದೇ ಟೈಲ್ಸ್ ಈಗಲೂ ಬರುತ್ತಿತ್ತು, ಗೋದಾಮಿನಲ್ಲಿ ಸಿಕ್ಕಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನಾನು ತಡೆಯಲಾರದೆ ಕೇಳಿದೆ. "ಅತ್ತೆ, ಅವತ್ತು ಜಾರುತ್ತೆ ಅಂದ್ರಲ್ಲ, ಇನ್ನೊಂದ್ಸಲ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳ್ತಿದ್ಯಾ?"

"ಇಲ್ಲ."

"ಮತ್ತೆ?" ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಐದು ದಿನ ಕೆಲಸ ನಡೆಯಿತು. ಮೇಸ್ತ್ರಿ ಕೈ ಪಳಗಿದ ಮನುಷ್ಯ. ಕೊನೆಯ ದಿನ ಅತ್ತೆ ಗೋಡೆ ಹಿಡಿದುಕೊಂಡು ಮೂಲೆಯಿಂದ ಮೂಲೆಗೆ ನಡೆದು, ಒಂದು ಕಡೆ ನಿಂತು, "ಇಲ್ಲಿ ನೀರು ನಿಲ್ಲುತ್ತೆ" ಎಂದರು. ಮೇಸ್ತ್ರಿ ಮಟ್ಟ ನೋಡುವ ಪಟ್ಟಿಯನ್ನು ಇಟ್ಟು, "ಇಳಿಜಾರು ಸರಿಯಾಗಿದೆ ಅಜ್ಜಿ, ನೋಡಿ" ಎಂದರು. ಅತ್ತೆ ವಾದ ಮಾಡಲಿಲ್ಲ. ಒಂದು ಮಗ್ ನೀರು ಸುರಿದರು. ನೀರೆಲ್ಲ ಜಾಲರಿಯ ಕಡೆ ಓಡಿತು. ಅವರ ಹಿಮ್ಮಡಿ ಇದ್ದಲ್ಲಿ ಮಾತ್ರ ಅಂಗೈಯಷ್ಟು ನೀರು ಹಾಗೇ ಕೂತಿತ್ತು.

ಮೇಸ್ತ್ರಿ ಒಮ್ಮೆ ತಮ್ಮ ಪಟ್ಟಿ ನೋಡಿದರು, ಒಮ್ಮೆ ಅತ್ತೆಯ ಪಾದ ನೋಡಿದರು. "ಇದನ್ನ ಎಲ್ಲಿ ಕಲಿತ್ರಿ ತಾಯಿ?" ಎಂದರು. ಆಮೇಲೆ ತಾವಾಗಿಯೇ ಅಷ್ಟು ಜಾಗ ಕಿತ್ತು ಹೊಸದಾಗಿ ಕೂರಿಸಿದರು.

ನೆಲ ಒಣಗಿದ ಮೇಲೆ ಮೊದಲ ಸ್ನಾನ. ನಾನು ರೂಢಿಯಂತೆ ಟವೆಲು, ಸೋಪು ಹಿಡಿದು ಒಳಗೆ ನಿಂತೆ. ಅತ್ತೆ ಹೊಸ್ತಿಲಲ್ಲೇ ನಿಂತರು.

"ಚಿಲಕ ಎಲ್ಲಿ?"

"ಚಿಲಕ ಬೇಡ ಅತ್ತೆ. ಬಾಗಿಲು ಮುಂದೆ ಮಾಡ್ಕೊಳ್ಳಿ, ನಾನು ಇಲ್ಲೇ ಇರ್ತೀನಿ. ಏನಾದ್ರೂ ಆದ್ರೆ..."

"ನಂಗೆ ಬೇಕಿದ್ದಿದ್ದು ನೆಲ ಅಲ್ಲ ಕಣೇ," ಎಂದರು. "ಚಿಲಕ. ನೆಲ ಆರಿಸಿದ್ದು ಅದಕ್ಕೋಸ್ಕರ."

ನನಗೆ ಹೆದರಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ. ಆದರೂ ಹೋಗಿ ಗುಂಡಿಗಳ ಡಬ್ಬಿಯನ್ನು ಮಂಚದ ಮೇಲೆ ಬೋರಲು ಹಾಕಿದೆ. ಗುಂಡಿಗಳ ನಡುವೆ ಚಿಲಕ ಸಿಕ್ಕಿತು, ನಾಲ್ಕು ಸ್ಕ್ರೂಗಳನ್ನು ಹುಡುಕಲು ಹೊತ್ತು ಹಿಡಿಯಿತು. ಹಳೆಯ ತೂತುಗಳಿಗೇ ಅದನ್ನು ಬಿಗಿದೆ. ಅಷ್ಟು ಹೊತ್ತೂ ಅತ್ತೆ ಕೋಲು ಹಿಡಿದು ಅಲ್ಲೇ ನಿಂತು ನೋಡುತ್ತಿದ್ದರು.

ಅವರು ಒಳಗೆ ಹೋದರು. ಬಾಗಿಲು ಮುಚ್ಚಿತು. ಚಿಲಕ ಬಿದ್ದ ಸದ್ದಾಯಿತು.

ನಾನು ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಂದು ಮಗ್, ಎರಡು ಮಗ್, ಮೂರು. ಆಮೇಲೆ ಸದ್ದಿಲ್ಲ. "ಅತ್ತೆ?"

"ಬಾಗಿಲ ಕೆಳಗೆ ನಿನ್ನ ಕಾಲು ಕಾಣಿಸ್ತಿದೆ," ಎಂದಿತು ಒಳಗಿನ ದನಿ. ಆ ದನಿಯಲ್ಲಿ ನಗುವಿತ್ತು. "ಹೋಗು, ನಿನ್ನ ಮಿಷನ್ ಓಡಿಸು."

ಹೋದೆ. ಮಿಷನ್ನಿನ ಮುಂದೆ ಕೂತೆ. ಕೈಗೆ ಯಾವ ಬಟ್ಟೆಯೂ ಹತ್ತಲಿಲ್ಲ. ಸೂಜಿಯ ಕೆಳಗೆ ಏನೂ ಇಲ್ಲದೆ ಬರೀ ಮಿಷನ್ನನ್ನೇ ಗಡಗಡ ಓಡಿಸಿದೆ, ಅವರಿಗೆ ಕೇಳಿಸಲಿ ಅಂತ.